ಕಲಿಕೆಯ ಬಿಲ್ ಈಗ ನಿಮ್ಮ ಹೆಸರಿಗೆ

2025ರ ಜುಲೈ ಕೊನೆಯಲ್ಲಿ ದೊಡ್ಡ ಐಟಿ ಕಂಪನಿ ಟಿಸಿಎಸ್ ಒಂದು ಸುದ್ದಿ ಕೊಟ್ಟಿತು. ಸಿಬ್ಬಂದಿಯಲ್ಲಿ ಸುಮಾರು 2%, ಅಂದರೆ 12,000ಕ್ಕೂ ಜಾಸ್ತಿ ಜನ ಆ ಹಣಕಾಸು ವರ್ಷದಲ್ಲಿ ಕೆಲಸ ಕಳೆದುಕೊಳ್ಳುತ್ತಾರೆ, ಅದರಲ್ಲೂ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಅಂತ. ಎಲ್ಲರೂ ತಕ್ಷಣ ಎಐ ಕಡೆ ಬೆರಳು ತೋರಿಸಿದರು. ಆದರೆ ಸಿಇಒ ಕೃತಿವಾಸನ್ ಹೇಳಿದ್ದೇ ಬೇರೆ. ಇದು ಎಐಯಿಂದ ಆದ ಕಡಿತ ಅಲ್ಲ, ಕೌಶಲ ಹೊಂದಿಕೆಯಾಗದೆ, ಯಾವ ಪ್ರಾಜೆಕ್ಟಿಗೂ ಹಾಕಲಾಗದೆ ಉಳಿದವರ ವಿಷಯ ಅಂತ. ಜೊತೆಗೆ ಇನ್ನೊಂದು ಲೆಕ್ಕ ಕೊಟ್ಟರು: ಕಂಪನಿಯ 5.5 ಲಕ್ಷ ಜನರಿಗೆ ಎಐನ ಮೂಲ ಪಾಠ, 1 ಲಕ್ಷ ಜನರಿಗೆ ಮುಂದಿನ ಹಂತದ ಪಾಠ ಆಗಿದೆ.

ಈ ಎರಡು ಮಾತನ್ನು ಪಕ್ಕಪಕ್ಕ ಇಟ್ಟು ನೋಡಿ. ಆಗ ಆರು ಲಕ್ಷ ಚಿಲ್ಲರೆ ಜನರಿದ್ದ ಕಂಪನಿ. ಐದೂವರೆ ಲಕ್ಷ ಜನಕ್ಕೆ ಟ್ರೈನಿಂಗ್ ಆಗಿದೆ. ಆದರೂ ಹನ್ನೆರಡು ಸಾವಿರ ಜನರಿಗೆ ಎಲ್ಲೂ ಜಾಗ ಇಲ್ಲ. ಕಂಪನಿ ಕೊಟ್ಟ ಕೋರ್ಸ್ ಮುಗಿಸಿದ್ದಕ್ಕೂ ಕೆಲಸ ಉಳಿಯೋದಕ್ಕೂ ನಡುವೆ ನಾವು ಅಂದುಕೊಂಡಷ್ಟು ನಂಟಿಲ್ಲ ಅಂತಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ದೊಡ್ಡ ಐಟಿ ಕಂಪನಿ ಅಕ್ಸೆಂಚರ್‌ನ ಮುಖ್ಯಸ್ಥೆ ಜೂಲಿ ಸ್ವೀಟ್ ಇನ್ನೂ ನೇರವಾಗಿ ಹೇಳಿದರು. ಹೊಸದು ಕಲಿಸಿ ಉಳಿಸಿಕೊಳ್ಳೋದು ಆಗದ ಮಾತು ಅನ್ನಿಸಿದವರನ್ನು ಬೇಗ ಬೇಗ ಹೊರಗೆ ಕಳಿಸುತ್ತಿದ್ದೇವೆ ಅನ್ನುವುದು ಆ ಮಾತಿನ ಸಾರ. ಯಾರು ಕಲಿಯಬಲ್ಲರು, ಯಾರು ಕಲಿಯಲಾರರು ಅನ್ನೋದನ್ನು ತೀರ್ಮಾನಿಸೋರು ಯಾರು? ಕಂಪನಿಯವರೇ.

ಮೊದಲು ಹೀಗಿರಲಿಲ್ಲ. ಬೆಂಗಳೂರಿನ ಐಟಿ ಬೆಳೆದದ್ದೇ ಒಂದು ಸರಳ ಲೆಕ್ಕದ ಮೇಲೆ. ಸಿವಿಲ್ಲೋ ಮೆಕ್ಯಾನಿಕಲ್ಲೋ ಇಸಿಯೋ, ಬ್ರಾಂಚ್ ಯಾವುದಾದರೂ ಸರಿ, ಕಾಲೇಜಿಗೆ ಬಂದು ಸಾವಿರಗಟ್ಟಲೆ ಹುಡುಗ ಹುಡುಗಿಯರನ್ನು ಆರಿಸಿಕೊಳ್ಳೋದು, ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಂಥ ಕಡೆ ಕೂರಿಸಿ ತಿಂಗಳುಗಟ್ಟಲೆ ಸಂಬಳ ಕೊಟ್ಟು ಪಾಠ ಮಾಡಿಸೋದು, ಆಮೇಲೆ ಅಮೆರಿಕದ ಯಾವುದೋ ಬ್ಯಾಂಕಿನ ಪ್ರಾಜೆಕ್ಟಿಗೆ ಗಂಟೆಗೆ ಇಷ್ಟು ಡಾಲರ್ ಅಂತ ಬಿಲ್ ಮಾಡೋದು. ಕೆಳಗೆ ಫ್ರೆಶರ್‌ಗಳು ಜಾಸ್ತಿ, ಮೇಲೆ ಮ್ಯಾನೇಜರ್‌ಗಳು ಕಮ್ಮಿ. ಕಲಿಸಿದ ಖರ್ಚು ಬಿಲ್ಲಿಂಗ್‌ನಲ್ಲಿ ವಾಪಸ್ ಬರುತ್ತಿತ್ತು. ಹಾಸನ, ದಾವಣಗೆರೆ, ಕಲಬುರಗಿಯ ಕಾಲೇಜುಗಳಿಂದ ಬಂದ ಎಷ್ಟೋ ಮನೆಗಳ ಮೊದಲ ಎಂಜಿನಿಯರ್‌ಗಳು ಕೈಯಿಂದ ಒಂದು ಪೈಸೆ ಹಾಕದೆ ವೃತ್ತಿ ಕಲಿತದ್ದು ಹೀಗೆ. ಆ ವ್ಯವಸ್ಥೆಯನ್ನು ಸುಮ್ನೆ ಹೀಯಾಳಿಸೋದು ಸರಿಯಲ್ಲ, ಅದು ದೊಡ್ಡ ಕೆಲಸವನ್ನೇ ಮಾಡಿದೆ.

ಈಗ ಆ ಲೆಕ್ಕ ಕೂಡಿ ಬರುತ್ತಿಲ್ಲ. ಗ್ರಾಹಕರು ಇಷ್ಟು ಜನ ಬೇಕು ಅನ್ನುವ ಬದಲು ಇಷ್ಟು ಕೆಲಸ ಆಗಬೇಕು ಅಂತ ಕೇಳುತ್ತಾರೆ. ಫ್ರೆಶರ್‌ಗಳಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡಿಂಗ್, ಟೆಸ್ಟ್ ಬರೆಯೋದು, ಡಾಕ್ಯುಮೆಂಟ್ ಮಾಡೋದು ಇಂಥದ್ದನ್ನೆಲ್ಲ ಎಐ ಟೂಲ್‌ಗಳು ಅರ್ಧಂಬರ್ಧವಾದರೂ ಮಾಡುತ್ತವೆ. ಇನ್ನೊಂದು ಕಡೆ, ವಿದೇಶಿ ಕಂಪನಿಗಳು ಇಲ್ಲೇ ಸ್ವಂತ ಕಚೇರಿ ತೆರೆದಿವೆ, ಇವಕ್ಕೆ ಜಿಸಿಸಿ ಅಂತಾರೆ. ಐಟಿ ಉದ್ಯಮದ ಸಂಘ ನಾಸ್ಕಾಂ ಮತ್ತು ಸಲಹಾ ಸಂಸ್ಥೆ ಜಿನ್ನೋವ್ 2024ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 1,700ಕ್ಕೂ ಹೆಚ್ಚು ಜಿಸಿಸಿಗಳು, ಅವುಗಳಲ್ಲಿ ಸುಮಾರು 19 ಲಕ್ಷ ಉದ್ಯೋಗಿಗಳು. ಬೆಂಗಳೂರಿಗೇ ದೊಡ್ಡ ಪಾಲು. ಇನ್ನೂ 500 ಜಿಸಿಸಿ, 2029ರ ಹೊತ್ತಿಗೆ 3.5 ಲಕ್ಷ ಕೆಲಸ ಅನ್ನುವುದು ಕರ್ನಾಟಕ ಸರ್ಕಾರದ ಜಿಸಿಸಿ ನೀತಿಯ ಗುರಿ. ಒಳ್ಳೆಯದೇ. ಆದರೆ ಈ ಕಚೇರಿಗಳಲ್ಲಿ ಬಹಳಷ್ಟು ಆಗಲೇ ಕೆಲಸ ಬಲ್ಲವರನ್ನೇ ಹುಡುಕುತ್ತವೆ. ಬಂದ ವಾರದಿಂದಲೇ ಕೋಡ್ ಬೇಕು. ಆರು ತಿಂಗಳು ಕೂರಿಸಿ ಕಲಿಸುವ ವ್ಯವಧಾನ ಅಲ್ಲಿಲ್ಲ.

ಹಾಗಾಗಿ ಕಲಿಸುವ ಖರ್ಚು ನಿಧಾನಕ್ಕೆ ಕಂಪನಿಯ ಜೇಬಿನಿಂದ ಉದ್ಯೋಗಿಯ ಜೇಬಿಗೆ ಜಾರುತ್ತಿದೆ. ಯಾರೂ ಇದನ್ನು ಪ್ರಕಟಣೆ ಹೊರಡಿಸಿ ಹೇಳಿಲ್ಲ. ಗುರುತುಗಳು ಮಾತ್ರ ಎಲ್ಲ ಕಡೆ ಕಾಣುತ್ತಿವೆ. 2025ರ ಫೆಬ್ರವರಿಯಲ್ಲಿ ಅದೇ ಮೈಸೂರು ಕ್ಯಾಂಪಸ್‌ನಿಂದ ಮುನ್ನೂರಕ್ಕೂ ಹೆಚ್ಚು ಟ್ರೇನಿಗಳು ಹೊರಬಿದ್ದರು. ಆಂತರಿಕ ಪರೀಕ್ಷೆಯನ್ನು ಮೂರು ಸಲ ಬರೆದರೂ ಪಾಸಾಗಲಿಲ್ಲ ಅನ್ನೋದು ಕಾರಣ. ಈ ನಿಯಮ ಹಿಂದಿನಿಂದಲೂ ಇದೆ ಅಂತ ಕಂಪನಿ ಹೇಳಿತು. ಇರಬಹುದು. ಆದರೆ ಅವರಲ್ಲಿ ಅನೇಕರು 2022ರ ಬ್ಯಾಚಿನವರು, ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದವರು. ಫ್ರೆಶರ್ ಸಂಬಳ ನೋಡಿದರೆ, ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಹತ್ತು ವರ್ಷಕ್ಕೂ ಮೇಲಿಂದ ವರ್ಷಕ್ಕೆ 3ರಿಂದ 4 ಲಕ್ಷದ ಆಸುಪಾಸಿನಲ್ಲೇ ಕೂತಿದೆ. ಬೆಂಗಳೂರಿನ ಪಿಜಿ ಬಾಡಿಗೆ ಹಾಗೆ ಕೂತಿಲ್ಲ ಅಲ್ವಾ?

2025ರ ಮೇ ತಿಂಗಳಲ್ಲಿ ಇನ್ನೊಂದು ವಿಷಯ ನಡೆಯಿತು. ಇದು ಐಟಿ ಪುಟಗಳಲ್ಲಿ ಅಷ್ಟಾಗಿ ಚರ್ಚೆ ಆಗಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ಒಬ್ಬ ಅಧಿಕಾರಿಯಿಂದ, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅಂತ ಬರೆಸಿಕೊಂಡಿತ್ತು. ಅವರು ಮೊದಲೇ ಬಿಟ್ಟರು, ಹಣ ಕಟ್ಟಿ ಕೋರ್ಟಿಗೆ ಹೋದರು, ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿ ಬ್ಯಾಂಕಿನ ಷರತ್ತು ಸರಿ ಅಂದಿತು. ಅದು ಸಾರ್ವಜನಿಕ ವಲಯದ ಬ್ಯಾಂಕ್, ನೇಮಕಾತಿಯ ಖರ್ಚಿನ ವಾದವೇ ಬೇರೆ, ಎಲ್ಲ ಬಾಂಡ್‌ಗಳಿಗೂ ಇದು ಹಾಗೇ ಅನ್ವಯಿಸೋದಿಲ್ಲ. ಆದರೂ "ಬಾಂಡ್ ಎಲ್ಲ ಸುಮ್ನೆ ಹೆದರಿಸೋಕೆ, ಕೋರ್ಟಲ್ಲಿ ನಿಲ್ಲಲ್ಲ" ಅನ್ನುವ ಹಾಸ್ಟೆಲ್ ಜ್ಞಾನವನ್ನು ನಂಬಿ ಸಹಿ ಹಾಕೋ ಕಾಲ ಮುಗಿಯಿತು. ಕಂಪನಿ ದುಡ್ಡಿನಲ್ಲಿ ಕೋರ್ಸ್ ಮಾಡುವ ಮುಂಚೆ ಆ ಪತ್ರದಲ್ಲಿ ಎಷ್ಟು ವರ್ಷ, ಎಷ್ಟು ಮೊತ್ತ ಅಂತ ಓದಿ.

ಸರಿ, ಬಿಲ್ ನಮ್ಮ ಹೆಸರಿಗೆ ಬಂತು. ಇಲ್ಲಿಂದ ಮುಂದೆ ಜನ ಏನು ಮಾಡುತ್ತಾರೆ? ಗಾಬರಿ ಬಿದ್ದು ಕೋರ್ಸ್ ಕೊಳ್ಳುತ್ತಾರೆ. ಈ ಗಾಬರಿಯ ಮೇಲೇ ಒಂದು ದೊಡ್ಡ ಮಾರುಕಟ್ಟೆ ನಿಂತಿದೆ. "ಆರು ತಿಂಗಳಲ್ಲಿ ಡೇಟಾ ಸೈಂಟಿಸ್ಟ್", "ಪ್ಲೇಸ್‌ಮೆಂಟ್ ಖಚಿತ". ಫೋನ್ ನಂಬರ್ ಒಮ್ಮೆ ಕೊಟ್ಟರೆ ಸಾಕು, ಕೌನ್ಸೆಲರ್ ಅನ್ನಿಸಿಕೊಂಡವರು ದಿನಾ ಕರೆ ಮಾಡುತ್ತಾರೆ. ಅವರು ಸೇಲ್ಸ್‌ನವರು. ತಿಂಗಳ ಟಾರ್ಗೆಟ್ ಇರುತ್ತೆ.

ಲೆಕ್ಕ ಹಾಕೋಣ. ವರ್ಷಕ್ಕೆ ಮೂರೂವರೆ ಲಕ್ಷದ ಪ್ಯಾಕೇಜ್ ಇರುವವರಿಗೆ ಪಿಎಫ್ ಅದೂ ಇದೂ ಕಳೆದು ಕೈಗೆ ಬರೋದು ತಿಂಗಳಿಗೆ ಇಪ್ಪತ್ತೈದು ಸಾವಿರದ ಸುತ್ತ. ಎರಡು ಲಕ್ಷದ ಕೋರ್ಸ್ ತೆಗೆದುಕೊಂಡು ತಿಂಗಳಿಗೆ ಹತ್ತು ಸಾವಿರ ಕಟ್ಟಿದರೂ ಇಪ್ಪತ್ತು ತಿಂಗಳು. ಅಂದರೆ ಸಂಬಳದ ಹತ್ತಿರ ಹತ್ತಿರ ಅರ್ಧ, ಸುಮಾರು ಎರಡು ವರ್ಷ. ಜೊತೆಗೆ 18% ಜಿಎಸ್‌ಟಿ. ಕಾಲೇಜಿನ ಡಿಗ್ರಿಗೆ ಈ ತೆರಿಗೆ ಇಲ್ಲ, ಖಾಸಗಿ ಕೋಚಿಂಗಿಗೆ, ಆನ್‌ಲೈನ್ ಕೋರ್ಸಿಗೆ ಇದೆ. ಆದಾಯ ತೆರಿಗೆಯಲ್ಲಿ ಏನಾದರೂ ಕಳೆಯಬಹುದಾ ಅಂದರೆ ಅದೂ ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ಮಕ್ಕಳ ಟ್ಯೂಷನ್ ಫೀಗೆ ಜಾಗ ಇದೆ, ನಿಮ್ಮ ಸ್ವಂತ ಕೋರ್ಸಿಗಿಲ್ಲ. ಇದೇ ಕೋರ್ಸನ್ನು ಕಂಪನಿ ನಿಮಗಾಗಿ ಕೊಂಡರೆ ಅದು ಕಂಪನಿಯ ವ್ಯವಹಾರದ ಖರ್ಚು, ಜಿಎಸ್‌ಟಿಯ ಕ್ರೆಡಿಟ್ ಕೂಡ ಪಡೆಯಬಹುದು. ಸಂಬಳದಾರ ಕೊಂಡರೆ ತೆರಿಗೆ ಕಟ್ಟಿ ಉಳಿದ ದುಡ್ಡಿನ ಮೇಲೆ ಮತ್ತೆ ತೆರಿಗೆ.

"ನೋ ಕಾಸ್ಟ್ ಇಎಂಐ" ಅನ್ನೋದು ಇನ್ನೊಂದು. ಅದು ಕೋರ್ಸ್ ಕಂಪನಿ ಕೊಡುವ ಕಂತಲ್ಲ. ಹಿಂದೆ ಒಂದು ಹಣಕಾಸು ಸಂಸ್ಥೆ ಇರುತ್ತೆ, ಸಾಲ ನಿಮ್ಮ ಹೆಸರಿನಲ್ಲಿರುತ್ತೆ. ಕ್ಲಾಸು ಚೆನ್ನಾಗಿಲ್ಲ ಅಂತ ನಡುವೆ ಬಿಟ್ಟರೆ ಕ್ಲಾಸು ನಿಲ್ಲುತ್ತೆ, ಕಂತು ನಿಲ್ಲೋದಿಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರು ಕೆಡುತ್ತೆ, ನಾಳೆ ಬೈಕ್ ಸಾಲಕ್ಕೂ ಅದೇ ಅಡ್ಡ. 2021ರ ಡಿಸೆಂಬರ್‌ನಲ್ಲೇ ಕೇಂದ್ರ ಶಿಕ್ಷಣ ಸಚಿವಾಲಯ ಇಂಥ ಆಟೋ ಡೆಬಿಟ್, ಸಾಲದ ಒಪ್ಪಂದಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2022ರಿಂದ ಆರ್‌ಬಿಐ ನಿಯಮದಲ್ಲಿ ಡಿಜಿಟಲ್ ಸಾಲಕ್ಕೆ ಕೂಲಿಂಗ್ ಆಫ್ ಅವಧಿ ಇದೆ. ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು, ದಂಡ ಇಲ್ಲದೆ ಹೊರಬರಬಹುದು. ಅವಧಿ ಚಿಕ್ಕದು, ಹಾಗಾಗಿ ಸಹಿ ಹಾಕಿದ ದಿನವೇ ಎಷ್ಟು ದಿನ ಅಂತ ಪತ್ರದಲ್ಲಿ ನೋಡಿಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಸಾಲ ಮಾಡಿ ಕೋರ್ಸ್ ತೆಗೆದುಕೊಳ್ಳಲೇಬೇಡಿ. ವಿಶ್ವವಿದ್ಯಾಲಯದ ಡಿಗ್ರಿಗೆ ಬೇರೆ ಲೆಕ್ಕ.

ಸರ್ಟಿಫಿಕೇಷನ್ ಕಥೆಯೂ ಸ್ವಲ್ಪ ಹೀಗೇ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಅಸೋಸಿಯೇಟ್ ಮಟ್ಟದ ಪರೀಕ್ಷೆಗೆ 150 ಡಾಲರ್, ತೆರಿಗೆ ಸೇರಿ ಹದಿನೈದು ಸಾವಿರದ ಆಸುಪಾಸು. ಮೂರು ವರ್ಷಕ್ಕೆ ಅವಧಿ ಮುಗಿಯುತ್ತೆ. ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ನಡೆಸುವ ಕುಬರ್ನೆಟಿಸ್ ಟೂಲ್‌ನ ಸಿಕೆಎ ಪರೀಕ್ಷೆಗೆ ಈಗ ಎರಡೇ ವರ್ಷ. ಇವು ಪೂರ್ತಿ ದಂಡ ಅನ್ನಲ್ಲ. ಎಚ್‌ಆರ್ ಮೊದಲ ಜರಡಿ ಹಿಡಿಯುವಾಗ ಕಣ್ಣಿಗೆ ಬೀಳುತ್ತೆ, ಅಮೆಜಾನ್‌ನಂಥವರ ಪಾರ್ಟ್ನರ್ ಅನ್ನೋ ಸ್ಥಾನ ಉಳಿಸಿಕೊಳ್ಳೋಕೆ ಐಟಿ ಕಂಪನಿಗಳಿಗೆ ಇಷ್ಟು ಸರ್ಟಿಫೈಡ್ ಜನ ಬೇಕೇ ಬೇಕು. ಹಾಗೆ ಬೇಕಿದ್ದಾಗ ಕಂಪನಿಯೇ ಫೀ ಕೊಡುತ್ತೆ. ಕೇಳಿ ತೆಗೆದುಕೊಳ್ಳಿ. ಬಹಳ ಕಂಪನಿಗಳಲ್ಲಿ ಕಲಿಕೆಗೆ ಅಂತ ವರ್ಷದ ಬಜೆಟ್ ಇರುತ್ತೆ, ಯಾರೂ ಕ್ಲೈಮ್ ಮಾಡದೆ ಮಾರ್ಚ್‌ನಲ್ಲಿ ಸತ್ತುಹೋಗುತ್ತೆ. ಪಾಲಿಸಿ ಎಚ್‌ಆರ್ ಪೋರ್ಟಲ್‌ನ ಯಾವುದೋ ಮೂಲೆಯ ಪಿಡಿಎಫ್‌ನಲ್ಲಿರುತ್ತೆ. ಹುಡುಕಬೇಕು.

ಇನ್ನು ಏನನ್ನು ಕಲಿಯಬೇಕು ಅನ್ನೋ ದೊಡ್ಡ ಪ್ರಶ್ನೆ. ಸ್ವಲ್ಪ ಹಿಂದೆ ನೋಡಿದರೆ ಗೊತ್ತಾಗುತ್ತೆ. ವೆಬ್‌ಸೈಟ್‌ಗಳಲ್ಲಿ ಅನಿಮೇಷನ್, ಆಟ ಓಡಿಸುತ್ತಿದ್ದ ಫ್ಲ್ಯಾಶ್‌ನಲ್ಲಿ ಪರಿಣತರಾದವರಿಗೆ ಒಂದು ಕಾಲದಲ್ಲಿ ಎಷ್ಟು ಬೇಡಿಕೆ ಇತ್ತು! ಅಡೋಬಿ 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೀಗ ಹಾಕಿತು. ವೆಬ್ ಆ್ಯಪ್ ಕಟ್ಟೋಕೆ 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್ ಕಲಿತವರಿಗೆ 2016ರಲ್ಲಿ ಹೊಸ ಆಂಗ್ಯುಲರ್ ಬಂದಾಗ ಬಹುತೇಕ ಮೊದಲಿನಿಂದ ಕಲಿಯಬೇಕಾಯಿತು, ಹಳೆಯದರ ಬೆಂಬಲ 2021ರ ಕೊನೆಗೆ ನಿಂತಿತು. ರಾಶಿ ಡೇಟಾ ಸಂಭಾಳಿಸುವ ಹಡೂಪ್ ಎಲ್ಲರ ರೆಸ್ಯೂಮೆಯಲ್ಲೂ ಇದ್ದ ಕಾಲ ಒಂದಿತ್ತು. 2023ರಲ್ಲಿ, ಎಐಗೆ ಸರಿಯಾಗಿ ಪ್ರಶ್ನೆ ಬರೆಯುವ ಪ್ರಾಂಪ್ಟ್ ಎಂಜಿನಿಯರ್ ಅನ್ನುವ ಹುದ್ದೆಯ ಬಗ್ಗೆ ಎಂಥ ಸುದ್ದಿ, ಎಷ್ಟು ಕೋರ್ಸು. ಈಗ ಅದೊಂದು ಬೇರೆ ಹುದ್ದೆ ಅಂತ ಹೇಳೋರೇ ಕಡಿಮೆ, ಎಲ್ಲರ ಕೆಲಸದಲ್ಲೂ ಸೇರಿಹೋಗಿದೆ.

ಅದೇ ಹೊತ್ತಿಗೆ ಇನ್ನೊಂದು ಪಟ್ಟಿ ನೋಡಿ. ಡೇಟಾವನ್ನು ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಡೇಟಾಬೇಸಿನ ಕಲ್ಪನೆ 1970ರದ್ದು, ಅದನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್ 1974ರದ್ದು. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ 1969. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್, ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ನಿಯಮಗಳಾದ ಟಿಸಿಪಿ/ಐಪಿಗೆ ಬದಲಾದದ್ದು 1983ರ ಜನವರಿ 1ಕ್ಕೆ. ಇವತ್ತಿನ ಎಐ ಆ್ಯಪ್ ಕೂಡ ಕೊನೆಗೆ ಯಾವುದೋ ಲಿನಕ್ಸ್ ಯಂತ್ರದ ಮೇಲೆ ಓಡುತ್ತೆ, ಟಿಸಿಪಿಯಲ್ಲಿ ಮಾತಾಡುತ್ತೆ, ಯಾವುದೋ ಟೇಬಲ್‌ನಿಂದ ಸಾಲುಗಳನ್ನು ಎತ್ತುತ್ತೆ. ಇದನ್ನು ಹೇಳಿದರೆ "ಬೇಸಿಕ್ಸ್ ಅಲ್ವಾ, ಗೊತ್ತಿದೆ ಬಿಡಿ" ಅಂತಾರೆ. ವಿಟಿಯು ಪರೀಕ್ಷೆಗೆ ನಾರ್ಮಲೈಸೇಷನ್ ಬಾಯಿಪಾಠ ಮಾಡಿ ಹತ್ತು ಮಾರ್ಕ್ಸ್ ತೆಗೆದದ್ದಕ್ಕೂ, ಓಡುತ್ತಿರುವ ಡೇಟಾಬೇಸ್ ಯಾಕೆ ನಿಂತಿತು ಅಂತ ಹೇಳೋದಕ್ಕೂ ಬಹಳ ದೂರ ಇದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ, ಯಾಕಂದ್ರೆ ನನ್ನ ವಾದ ಪೂರ್ತಿ ಇದರಲ್ಲಿದೆ. ಓಡುತ್ತಿರುವ ಸಾಫ್ಟ್‌ವೇರ್ ನೋಡಿಕೊಳ್ಳುವ ಸಪೋರ್ಟ್ ಪ್ರಾಜೆಕ್ಟಿನಲ್ಲಿ ಇರುವವರಿಗೆ ಇದು ಗೊತ್ತಿರೋದೇ. ಸೋಮವಾರ ಬೆಳಗ್ಗೆ ಒಂದು ಟಿಕೆಟ್, ಅಂದರೆ ದೂರು: ಸೇಲ್ಸ್ ರಿಪೋರ್ಟ್ ಟೈಮ್‌ಔಟ್ ಆಗುತ್ತಿದೆ. ಏನು ಮಾಡಬೇಕು ಅಂತ ಬರೆದಿಟ್ಟ ರನ್‌ಬುಕ್ ತೆಗೆಯೋದು, ಅದರಲ್ಲಿ ಬರೆದಂತೆ ಜಾಬ್ ರೀಸ್ಟಾರ್ಟ್ ಮಾಡೋದು, ಟಿಕೆಟ್ ಕ್ಲೋಸ್. ಕ್ಲೈಂಟಿಗೆ ಮಾತು ಕೊಟ್ಟ ಗಡುವು, ಅಂದರೆ ಎಸ್‌ಎಲ್‌ಎ, ಹಸಿರು, ಮ್ಯಾನೇಜರ್ ಖುಷಿ. ಮುಂದಿನ ಸೋಮವಾರ ಮತ್ತೆ ಅದೇ. ಹೀಗೆ ಐದು ವರ್ಷ ಮಾಡಿದರೂ ರೆಸ್ಯೂಮೆಯಲ್ಲಿ "ಐದು ವರ್ಷ ಪ್ರೊಡಕ್ಷನ್ ಸಪೋರ್ಟ್" ಅಂತ ಬರುತ್ತೆ. ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ಕೇಳಿದರೆ ಖಾಲಿ.

ಈಗ ಅದೇ ಟಿಕೆಟ್ಟನ್ನು ಬೇರೆ ರೀತಿ ಹಿಡಿಯಿರಿ. ಜಾಬ್ ರೀಸ್ಟಾರ್ಟ್ ಮಾಡಿ ಉಸಿರು ಬಿಟ್ಟ ಮೇಲೆ, ಆ ರಿಪೋರ್ಟಿನ ಹಿಂದೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಹುಡುಕಿ ತೆಗೆಯಿರಿ. ಅದರ ಮುಂದೆ ಎಕ್ಸ್‌ಪ್ಲೇನ್ ಅಂತ ಸೇರಿಸಿ ಓಡಿಸಿದರೆ, ತಾನು ಯಾವ ದಾರಿ ಹಿಡಿಯುತ್ತೇನೆ ಅಂತ ಡೇಟಾಬೇಸೇ ಹೇಳುತ್ತೆ. ಸೀಕ್ವೆನ್ಷಿಯಲ್ ಸ್ಕ್ಯಾನ್ ಅಂತ ಬಂತು. ಅಂದರೆ ಒಂದು ದಿನದ ವ್ಯವಹಾರ ಬೇಕಿದ್ದರೂ ಕೋಟಿಗಟ್ಟಲೆ ಸಾಲುಗಳನ್ನು ಮೊದಲಿಂದ ಕೊನೆವರೆಗೆ ಓದುತ್ತಿದೆ. ದಿನಾಂಕದ ಕಾಲಂ ಮೇಲೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇದೆ, ಮತ್ತೆ ಯಾಕೆ ಬಳಸ್ತಿಲ್ಲ? ನೋಡಿದರೆ ಕ್ವೆರಿ ಬರೆದವರು ಆ ಕಾಲಂಗೆ ಒಂದು ಡೇಟ್ ಫಂಕ್ಷನ್ ಸುತ್ತಿದ್ದಾರೆ. ಇಂಡೆಕ್ಸ್ ಇರೋದು ಕಾಲಂನ ಮೂಲ ಮೌಲ್ಯದ ಮೇಲೆ, ಫಂಕ್ಷನ್‌ನಿಂದ ಹೊರಬಂದ ಮೌಲ್ಯದ ಮೇಲಲ್ಲ. "ಈ ರಾತ್ರಿ ಹನ್ನೆರಡರಿಂದ ಮರುದಿನ ಹನ್ನೆರಡರೊಳಗೆ" ಅಂತ ಎರಡು ಗಡಿ ಹಾಕಿ ಬರೆದರೆ ಇಂಡೆಕ್ಸ್ ಕೆಲಸಕ್ಕೆ ಬರುತ್ತೆ, ನಿಮಿಷಗಟ್ಟಲೆ ಹಿಡಿಯುತ್ತಿದ್ದ ರಿಪೋರ್ಟು ಸೆಕೆಂಡಿಗೆ ಇಳಿಯಬಹುದು.

ಇದಕ್ಕೆ ಎರಡು ಲಕ್ಷದ ಕೋರ್ಸ್ ಬೇಕಿರಲಿಲ್ಲ. ಒಂದು ಮಧ್ಯಾಹ್ನ ಬೇಕಿತ್ತು, ಕುತೂಹಲ ಬೇಕಿತ್ತು, ಪ್ರೊಡಕ್ಷನ್, ಅಂದರೆ ಗ್ರಾಹಕರು ನಿಜವಾಗಿ ಬಳಸುತ್ತಿರುವ ಸಿಸ್ಟಮ್, ಮುಟ್ಟದೆ ಟೆಸ್ಟ್ ಕಾಪಿಯಲ್ಲಿ ಪ್ರಯೋಗ ಮಾಡೋಕೆ ಲೀಡ್‌ನ ಒಪ್ಪಿಗೆ ಬೇಕಿತ್ತು. ಆದರೆ ಇದರಿಂದ ಸಿಕ್ಕಿದ್ದು ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ಮಾತಾಡಬಲ್ಲ ವಿಷಯ. ಮುಂದಿನ ಪ್ರಶ್ನೆಗೂ ನೀವು ತಯಾರು, ಯಾಕಂದ್ರೆ ನೀವು ನಿಜವಾಗಿ ಮಾಡಿದ್ದೀರಿ. ಹೂಡಿಕೆ ಅಂದರೆ ನನ್ನ ಮಟ್ಟಿಗೆ ಇದು. ಕೈಯಲ್ಲಿರುವ ಕೆಲಸದ ಒಂದು ಮೆಟ್ಟಿಲು ಕೆಳಗೆ ಇಳಿದು ನೋಡೋಕೆ ಹಾಕಿದ ಸಮಯ. ಫೀ ಕಟ್ಟೋದು ಅದರಲ್ಲಿ ಸಣ್ಣ ಭಾಗ, ಎಷ್ಟೋ ಸಲ ಬೇಡದ ಭಾಗ.

"ಆ ಕ್ವೆರಿಯನ್ನು ಎಐಗೆ ಕೊಟ್ಟರೆ ಅದೇ ಹೇಳುತ್ತಲ್ಲ" ಅಂತ ನೀವು ಕೇಳಬಹುದು. ಹೌದು, ಈ ಕ್ವೆರಿಗೆ ಬಹುಪಾಲು ಸರಿಯಾಗೇ ಹೇಳುತ್ತೆ. ಜೊತೆಗೆ "ಹೊಸದೊಂದು ಇಂಡೆಕ್ಸ್ ಮಾಡಿ" ಅಂತಲೂ ಸಲಹೆ ಕೊಡಬಹುದು. ನೀವು ಅದನ್ನು ಹಾಗೇ ಕಾಪಿ ಮಾಡಿ ಹಗಲು ಹೊತ್ತಿನಲ್ಲಿ ಪ್ರೊಡಕ್ಷನ್‌ನಲ್ಲಿ ಓಡಿಸಿದರೆ? ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಮಾಮೂಲಿ ಇಂಡೆಕ್ಸ್ ಕಟ್ಟುವಾಗ ಆ ಟೇಬಲ್‌ಗೆ ಬರೆಯೋದು ನಿಂತುಹೋಗುತ್ತೆ. ದೊಡ್ಡ ಟೇಬಲ್ ಆದರೆ ಅಷ್ಟೂ ಹೊತ್ತು ಆರ್ಡರ್‌ಗಳು ಕಾಯುತ್ತಾ ಕೂರುತ್ತವೆ. ಕಾನ್‌ಕರೆಂಟ್ಲಿ ಅನ್ನೋ ಒಂದು ಪದ ಸೇರಿಸಬೇಕು ಅಂತ ಗೊತ್ತಿರೋದು, ಹೊಸ ಇಂಡೆಕ್ಸ್‌ನಿಂದ ಹೊಸ ಸಾಲು ಸೇರಿಸುವ ಪ್ರತಿ ಇನ್ಸರ್ಟಿಗೂ ಸ್ವಲ್ಪ ಹೊರೆ ಬೀಳುತ್ತೆ ಅಂತ ಗೊತ್ತಿರೋದು, ಈ ಟೇಬಲ್‌ಗೆ ಸೋಮವಾರ ಯಾಕೆ ಜಾಸ್ತಿ ಭಾರ ಅಂತ ಗೊತ್ತಿರೋದು, ಇದಕ್ಕೇ ಈಗ ಸಂಬಳ.

ಎಐ ಬಳಸೋದನ್ನು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಳಸಿದಾಗ ನಮಗೆ ಅನ್ನಿಸೋದನ್ನು ನಂಬೋ ಹಾಗಿಲ್ಲ. 2025ರ ಜುಲೈನಲ್ಲಿ ಮೆಟರ್ ಅನ್ನುವ ಸಂಶೋಧನಾ ಸಂಸ್ಥೆ 16 ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳ ಮೇಲೆ ಮಾಡಿದ ಪ್ರಯೋಗದ ಫಲ ಹೊರಬಂತು. ಅವರಿಗೆ ಚೆನ್ನಾಗಿ ಗೊತ್ತಿರುವ ಕೋಡ್‌ನಲ್ಲೇ ಕೆಲಸ. ಎಐ ಬಳಸಿದಾಗ 19% ಹೆಚ್ಚು ಸಮಯ ಹಿಡಿಯಿತು. ಕೇಳಿದರೆ ಅವರು ಹೇಳಿದ್ದು, 20% ಬೇಗ ಆಯಿತು ಅಂತ! ಚಿಕ್ಕ ಪ್ರಯೋಗ, ಆವತ್ತಿನ ಟೂಲ್‌ಗಳು, ಇದನ್ನು ಹಿಡಿದು ಎಐ ದಂಡ ಅನ್ನೋದು ತಪ್ಪು. ಆದರೆ ಕಲಿಯುವವರಿಗೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ಪರಿಣತರಿಗೇ ತಮ್ಮ ವೇಗ ತಿಳಿಯಲಿಲ್ಲ ಅಂದಮೇಲೆ, ಹೊಸಬರಿಗೆ ತಾವು ಕಲಿತೆವೋ ಇಲ್ಲವೋ ಅನ್ನೋದು ಹೇಗೆ ತಿಳಿಯಬೇಕು? ಕಲಿಯುವಾಗ ಮೊದಲು ಸ್ವಂತ ಉತ್ತರ ಬರೆದು, ಆಮೇಲೆ ಎಐ ಹತ್ತಿರ ತಪ್ಪು ಹುಡುಕಿಸೋದು ಒಳ್ಳೆಯದು. ನಿಧಾನ ಆಗುತ್ತೆ, ಆಗಲಿ.

ಇನ್ನು ನಲವತ್ತರ ಆಸುಪಾಸಿನವರ ವಿಷಯ. ಟಿಸಿಎಸ್‌ನಲ್ಲಿ ಪೆಟ್ಟು ಬಿದ್ದದ್ದೇ ಹೆಚ್ಚಾಗಿ ಈ ಹಂತಕ್ಕೆ. ಹದಿನೈದು ವರ್ಷ ಅನುಭವ, ವೈಟ್‌ಫೀಲ್ಡ್‌ನಲ್ಲೋ ಕನಕಪುರ ರಸ್ತೆಯಲ್ಲೋ ಫ್ಲಾಟಿನ ಸಾಲ, ಇಬ್ಬರು ಮಕ್ಕಳ ಸ್ಕೂಲ್ ಫೀ. ಕೆಲಸ ಅಂದರೆ ಸ್ಟೇಟಸ್ ಕಾಲ್, ಎಕ್ಸೆಲ್, ಎಸ್ಕಲೇಷನ್. ಕೋಡ್ ಮುಟ್ಟಿ ಎಷ್ಟೋ ಕಾಲ ಆಗಿದೆ. ಇವರಿಗೆ ಮಾರುವ ಔಷಧಿ ಬೇರೆ: ಮೂರು ನಾಲ್ಕು ಲಕ್ಷದ ಎಕ್ಸಿಕ್ಯುಟಿವ್ ಪ್ರೋಗ್ರಾಂ, ಹೆಸರಾಂತ ಸಂಸ್ಥೆಯ ಲೋಗೋ, ವಾರಾಂತ್ಯದ ಜೂಮ್ ಕ್ಲಾಸು. ಅದನ್ನು ಮುಗಿಸಿ ಡೇಟಾ ಸೈನ್ಸ್ ಕೆಲಸಕ್ಕೆ ಅರ್ಜಿ ಹಾಕಿದರೆ ಎದುರಿಗೆ ಇಪ್ಪತ್ನಾಲ್ಕು ವರ್ಷದವರು ಇರುತ್ತಾರೆ, ಕಾಲು ಭಾಗ ಸಂಬಳಕ್ಕೆ. ಆ ಓಟದಲ್ಲಿ ಯಾಕೆ ಇಳಿಯಬೇಕು?

ಇವರ ಹತ್ತಿರ ಇರುವ ಆಸ್ತಿಯೇ ಬೇರೆ, ಅದನ್ನು ಇವರೇ ಲೆಕ್ಕಕ್ಕೆ ಹಿಡಿದಿರೋದಿಲ್ಲ. ಹತ್ತು ವರ್ಷ ಬ್ಯಾಂಕಿನ ಪೇಮೆಂಟ್ಸ್ ಪ್ರಾಜೆಕ್ಟಿನಲ್ಲಿ ಇದ್ದವರನ್ನು ತೆಗೆದುಕೊಳ್ಳಿ. ದೇಶ ದೇಶಗಳ ನಡುವಿನ ಹಣ ವರ್ಗಾವಣೆಗೆ ಬ್ಯಾಂಕುಗಳು ಬಳಸುವ ಸ್ವಿಫ್ಟ್ ಜಾಲದ ಸಂದೇಶಗಳು ಹಳೇ ಎಂಟಿ ರೂಪದಿಂದ ಐಎಸ್‌ಒ 20022ಕ್ಕೆ ಬದಲಾದವು, ಎರಡೂ ಜೊತೆಗೆ ನಡೆಯುವ ಅವಧಿ 2025ರ ನವೆಂಬರ್‌ನಲ್ಲಿ ಮುಗಿಯಿತು. ಹಳೇ ಎಂಟಿ103 ಸಂದೇಶದಲ್ಲಿ ಒಂದೇ ಕಡೆ ತುರುಕಿದ್ದ ವಿಳಾಸ ಹೊಸ ರೂಪದಲ್ಲಿ ಯಾವ ಯಾವ ಜಾಗಕ್ಕೆ ಹೋಗಬೇಕು, ಎಲ್ಲಿ ಹೋದರೆ ಪೇಮೆಂಟ್ ವಾಪಸ್ ಬರುತ್ತೆ, ಯಾವ ದೇಶದ ಬ್ಯಾಂಕು ಯಾವ ತಕರಾರು ಎತ್ತುತ್ತೆ, ಇದೆಲ್ಲ ಇಪ್ಪತ್ನಾಲ್ಕು ವರ್ಷದವರಿಗೆ ಗೊತ್ತಿರೋದಿಲ್ಲ. ಇದರ ಮೇಲೆ ಒಂದಿಷ್ಟು ಪೈಥಾನ್, ಒಂದಿಷ್ಟು ಎಪಿಐ ತಿಳಿವಳಿಕೆ, ಸಂದೇಶಗಳನ್ನು ತಾವೇ ಪರೀಕ್ಷಿಸುವಷ್ಟು ಕೈ ಪಳಗಿದರೆ, ಮೀಟಿಂಗಿನಲ್ಲಿ "ಟೀಮನ್ನ ಕೇಳಿ ಹೇಳ್ತೀನಿ" ಅನ್ನುವ ಬದಲು ಅಲ್ಲೇ ಉತ್ತರ ಕೊಡಬಹುದು. ಇನ್ಶೂರೆನ್ಸ್, ಟೆಲಿಕಾಂ, ಆಸ್ಪತ್ರೆ ಸಾಫ್ಟ್‌ವೇರ್, ಎಲ್ಲ ಕಡೆ ಇದೇ. ಗೊತ್ತಿರುವ ಕ್ಷೇತ್ರ ಬಿಟ್ಟು ಹಾರೋದಕ್ಕಿಂತ ಅದರೊಳಗೆ ತಾಂತ್ರಿಕವಾಗಿ ಇಳಿಯೋದು ಅಗ್ಗ.

ದುಡ್ಡು ಖರ್ಚು ಮಾಡದೆ ಕಲಿಯೋಕೆ ಜಾಗಗಳು ಬೇಕಾದಷ್ಟಿವೆ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠ ಪೂರ್ತಿ ಉಚಿತ, ಪರೀಕ್ಷೆ ಬರೆಯಬೇಕಾದರೆ ಮಾತ್ರ ಸಾವಿರ ರೂಪಾಯಿ. ಕಾಲೇಜಿನಲ್ಲಿ ತಪ್ಪಿಹೋದ ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್, ನೆಟ್‌ವರ್ಕ್ ಪಾಠಗಳಿಗೆ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ. ಬೋರ್ ಹೊಡೆಸುವ ಮೇಷ್ಟ್ರುಗಳೂ ಇದ್ದಾರೆ, ಅದು ಬೇರೆ ವಿಷಯ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಉಪನ್ಯಾಸ ಕಷ್ಟ ಆದರೆ ವಿಡಿಯೋ ಬಿಟ್ಟು ಬರಹ ರೂಪ ಹಿಡಿಯೋದು ಒಳ್ಳೆಯದು, ಕೆಲವು ಕೋರ್ಸುಗಳ ಪಠ್ಯ ಕನ್ನಡದಲ್ಲೂ ಸಿಗುತ್ತೆ. ಎಐ ಹತ್ತಿರ ಕನ್ನಡದಲ್ಲೇ ವಿವರಣೆ ಕೇಳಬಹುದು, ಈಗ ಅದು ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂದಿದೆ. ಅರ್ಥ ಆಗೋದು ಮುಖ್ಯ, ಯಾವ ಭಾಷೆಯಲ್ಲಿ ಅನ್ನೋದು ಆಮೇಲೆ.

ಕೊರತೆ ಇರೋದು ಸಮಯಕ್ಕೆ. ಸಿಲ್ಕ್ ಬೋರ್ಡಿನಿಂದ ಮಾರತಹಳ್ಳಿ ದಾಟಿ ಹೋಗಿಬರೋದರಲ್ಲೇ ದಿನದ ದೊಡ್ಡ ತುಂಡು ಮುಗಿಯುತ್ತೆ. ಅಮೆರಿಕ ಕ್ಲೈಂಟ್ ಇದ್ದರೆ ರಾತ್ರಿ ಕಾಲ್. ಹೆಣ್ಣುಮಕ್ಕಳಿಗೆ ಮನೆಗೆ ಬಂದ ಮೇಲೆ ಎರಡನೇ ಶಿಫ್ಟ್. "ಬೆಳಗ್ಗೆ ಐದಕ್ಕೆ ಎದ್ದು ಕಲಿಯಿರಿ" ಅಂತ ಲಿಂಕ್ಡ್‌ಇನ್‌ನಲ್ಲಿ ಬರೆಯುವವರ ಮನೆಯಲ್ಲಿ ಟಿಫನ್ ಬಾಕ್ಸ್ ಯಾರು ಕಟ್ಟುತ್ತಾರೋ ಗೊತ್ತಿಲ್ಲ. ಕಲಿಕೆ ಆಫೀಸ್ ಅವಧಿಯೊಳಗೆ, ಟಿಕೆಟ್ಟಿನ ಜೊತೆಗೇ ಆಗಬೇಕು ಅಂತ ನಾನು ಒತ್ತಿ ಹೇಳೋದಕ್ಕೆ ಇದೂ ಕಾರಣ. ಕೆಲಸ ಬಿಟ್ಟು ಕಲಿಯುವ ಸೌಲಭ್ಯ ಎಲ್ಲರಿಗೂ ಇಲ್ಲ.

ಇಷ್ಟೆಲ್ಲ ಮಾಡಿದರೂ ಕೆಲಸ ಹೋಗಬಹುದು. ಪ್ರಾಜೆಕ್ಟ್ ನಿಂತರೆ, ಕ್ಲೈಂಟ್ ಕೈಬಿಟ್ಟರೆ, ಪಟ್ಟಿಯಲ್ಲಿ ಹೆಸರು ಬಂದರೆ, ನಿಮಗೆ ಎಷ್ಟು ಗೊತ್ತು ಅಂತ ಯಾರೂ ಕೇಳಲ್ಲ. ಕಲಿತದ್ದು ನೆರವಿಗೆ ಬರೋದು ಮುಂದಿನ ಕೆಲಸ ಹುಡುಕುವಾಗ. ಆದ್ದರಿಂದ ಇದನ್ನು ಬರೀ ಒಬ್ಬೊಬ್ಬರ ಶಿಸ್ತಿನ ಪ್ರಶ್ನೆ ಮಾಡಿ, ಕೆಲಸ ಕಳೆದುಕೊಂಡವರಿಗೆ "ಅಪ್‌ಸ್ಕಿಲ್ ಆಗಬೇಕಿತ್ತು" ಅಂತ ಉಪದೇಶ ಮಾಡೋದು ನನಗೆ ಸರಿ ಕಾಣಲ್ಲ. ಸಿಂಗಪುರದಲ್ಲಿ 2016ರಿಂದ 25 ದಾಟಿದ ಪ್ರತಿ ನಾಗರಿಕರಿಗೆ ಕಲಿಕೆಗೆ ಅಂತ ಸರ್ಕಾರವೇ 500 ಸಿಂಗಪುರ ಡಾಲರ್ ಕೊಟ್ಟಿತು, 2024ರಲ್ಲಿ 40 ದಾಟಿದವರಿಗೆ ಇನ್ನೂ 4,000 ಸೇರಿಸಿತು. ಫ್ರಾನ್ಸಿನಲ್ಲಿ ಕೆಲಸ ಮಾಡುವವರ ತರಬೇತಿ ಖಾತೆಗೆ ವರ್ಷಕ್ಕೆ 500 ಯೂರೋ ಜಮೆ ಆಗುತ್ತೆ, 5,000ದ ಮಿತಿವರೆಗೆ. ನಮ್ಮಲ್ಲಿ ಅಷ್ಟು ದೂರ ಬೇಡ, ಸ್ವಂತ ಕೋರ್ಸಿನ ಫೀಗೆ ಒಂದು ತೆರಿಗೆ ವಿನಾಯಿತಿ ಕೊಟ್ಟರೂ ಶುರುವಾಯಿತು ಅನ್ನಬಹುದು.

ಬದಲಿಗೆ ನಡೆದದ್ದು ಏನು? 2024ರಲ್ಲಿ ಐಟಿಯವರ ದಿನದ ಕೆಲಸವನ್ನು 14 ಗಂಟೆವರೆಗೆ ಎಳೆಯುವ ಪ್ರಸ್ತಾಪ ಕರ್ನಾಟಕದಲ್ಲಿ ಬಂತು. 2025ರಲ್ಲಿ ಓವರ್‌ಟೈಮ್ ಸೇರಿ 12 ಗಂಟೆಯ ಪ್ರಸ್ತಾಪ. ಎರಡು ಸಲವೂ ಐಟಿ ನೌಕರರ ಸಂಘ ಕಿಟು ವಿರೋಧಿಸಿತು. ಹನ್ನೆರಡು ಗಂಟೆ ಕೆಲಸ ಮಾಡಿ, ಎರಡು ಗಂಟೆ ರಸ್ತೆಯಲ್ಲಿ ಕಳೆದವರು ಯಾವ ಹೊತ್ತಿನಲ್ಲಿ ಕಲಿಯಬೇಕು? ತಮಾಷೆ ಅಂದರೆ, ಟಿಸಿಎಸ್ 2025ರ ಜೂನ್‌ನಲ್ಲಿ ತಂದ ನಿಯಮದಲ್ಲಿ ಬೆಂಚ್ ಮೇಲಿರುವವರು, ಅಂದರೆ ಸದ್ಯ ಪ್ರಾಜೆಕ್ಟ್ ಇಲ್ಲದವರು, ದಿನಕ್ಕೆ ನಾಲ್ಕರಿಂದ ಆರು ಗಂಟೆ ಕಲಿಯಬೇಕು ಅಂತಿದೆ, ವರ್ಷಕ್ಕೆ ಬೆಂಚ್ 35 ದಿನ ಮೀರಬಾರದು ಅಂತಲೂ ಇದೆ. ಅಂದರೆ ಕಲಿಕೆಗೆ ಸಮಯ ಸಿಗೋದು ಕೆಲಸ ಹೋಗುವ ಅಂಚಿಗೆ ಬಂದಾಗ. ಮುಂದಿನ ಸಲ ಕೆಲಸದ ಗಂಟೆಗಳ ಮಾತು ಸರ್ಕಾರದ ಮುಂದೆ ಬಂದಾಗ ಓವರ್‌ಟೈಮ್ ದರದ ಜೊತೆಗೆ ಇದನ್ನೂ ಕೇಳಬೇಕು: ಪ್ರಾಜೆಕ್ಟಿನಲ್ಲಿ ಇರುವವರಿಗೂ ವಾರಕ್ಕೆ ನಾಲ್ಕು ಗಂಟೆ, ಸಂಬಳ ಸಹಿತ, ಕ್ಲೈಂಟಿಗೆ ಬಿಲ್ ಆಗದಿದ್ದರೂ ಸರಿ.